ಮುಖ ಮುಚ್ಚುವ ಕೆಲಸ

ಬೀದರದ ಚೌಬಾರದ ಹಿಂದಿನ ಗಲ್ಲಿಯಲ್ಲಿರುವ ಬದರುನ್ನಿಸಾಳ ಮನೆಯಲ್ಲಿ ಚಿಲಕ ಹಾಕುವ ಬಾಗಿಲು ಎರಡು. ಒಂದು ಬೀದಿಯದು. ಇನ್ನೊಂದು ಕಂಪ್ಯೂಟರ್ ಇರುವ ಕೋಣೆಯದು. ಕೆಲಸಕ್ಕೆ ಕೂತಾಗ ಅದನ್ನು ಅವಳು ಒಳಗಿನಿಂದ ಹಾಕಿಕೊಳ್ಳುತ್ತಾಳೆ. ಮದುವೆ ಮನೆಗಳಲ್ಲಿ ಹೆಂಗಸರು ಕೂತ ಕಡೆ ಕ್ಯಾಮೆರಾ ಹಿಡಿಯುವವಳು ಅವಳು. ತಂದದ್ದನ್ನು ಕತ್ತರಿಸಿ, ಜೋಡಿಸಿ, ಹಾಡು ಹಚ್ಚಿ ವಿಡಿಯೊ ಮಾಡುವವಳೂ ಅವಳೇ. ನಡುವೆ ಯಾವ ಗಂಡಸಿನ ಕಣ್ಣಿಗೂ ಅದು ಬೀಳಬಾರದು. ಇದನ್ನು ಯಾರೂ ಕರಾರು ಮಾಡಿ ಬರೆದುಕೊಟ್ಟಿಲ್ಲ. ಬೀದರದಿಂದ ಔರಾದದವರೆಗೆ ಅವಳನ್ನು ಕರೆಯುವ ಮನೆಗಳಿಗೆಲ್ಲ ಅದು ಗೊತ್ತು, ಅದಕ್ಕೇ ಅವಳನ್ನು ಕರೆಯುತ್ತಾರೆ.

2016ರ ಏಪ್ರಿಲ್‌ನ ಒಂದು ಸೋಮವಾರ ಬೆಳಗ್ಗೆ ಆ ಕೋಣೆಯಲ್ಲಿ ಪರ್ದಾ ಕೆಲಸ ನಿಲ್ಲಿಸಿತು.

ಪರ್ದಾ ಎಂದರೆ ಬಟ್ಟೆಯಲ್ಲ. ವಿಡಿಯೊ ಎಡಿಟಿಂಗ್ ಸಾಫ್ಟ್‌ವೇರಿಗೆ ಪಕ್ಕದಿಂದ ಸೇರಿಸುವ ಒಂದು ಸಣ್ಣ ಪ್ಲಗ್‌ಇನ್. ಒಂದು ಮುಖದ ಸುತ್ತ ಗೆರೆ ಎಳೆದುಕೊಟ್ಟರೆ ಸಾಕು. ಆ ಮುಖ ಎತ್ತ ತಿರುಗಿದರೂ, ಎದ್ದರೂ, ಕೂತರೂ, ಚಹರೆ ಕಾಣದಂತೆ ಮಂಜು ಕವಿಸುತ್ತಾ ಅದರ ಬೆನ್ನು ಹತ್ತುತ್ತಿತ್ತು. ಅದಕ್ಕೊಂದು ಇಂಗ್ಲಿಷ್ ಹೆಸರಿತ್ತು, ಮನೆಯಲ್ಲಿ ಯಾರೂ ಆ ಹೆಸರಿನಿಂದ ಕರೆದದ್ದಿಲ್ಲ. ಆ ಬೆಳಗ್ಗೆ ಅದರ ಜಾಗದಲ್ಲಿ ಒಂದು ಬೂದು ಚೌಕ ಬಂದಿತ್ತು. ಒಳಗೆ ಎರಡು ಸಾಲು: ತಯಾರಿಸಿದ ಕಂಪನಿ ಇದನ್ನು ನಿಲ್ಲಿಸಿದೆ, ಇನ್ನು ಇದಕ್ಕೆ ಪರವಾನಗಿ ಸಿಗುವುದಿಲ್ಲ. ಬದರುನ್ನಿಸಾ ಅಕ್ಷರ ಕೂಡಿಸಿ ನಿಧಾನಕ್ಕೆ ಓದಿದಳು. ಕಂಪ್ಯೂಟರ್ ಆರಿಸಿ ಮತ್ತೆ ಹಚ್ಚಿದಳು. ಅವೇ ಸಾಲುಗಳು.

ಕಂಪ್ಯೂಟರಿನಲ್ಲಿ ಆಗ ಭಾಲ್ಕಿಯ ಮದುವೆ ಇತ್ತು. ಮಹಮೂದಾ ಬೇಗಂ ಎಂಬವಳ ಮಗಳದು. ಮಹಮೂದಾಳ ಮಗ ಮಹಮ್ಮದ ಇಸ್ಮಾಯಿಲ ಪುಣೆಯಲ್ಲಿ ಕಟ್ಟಡಗಳಿಗೆ ಟೈಲ್ಸ್ ಕೂರಿಸುತ್ತಾನೆ. ತಂಗಿಯ ಮದುವೆಗೆ ಬರಲಾಗಲಿಲ್ಲ. ಹೋದರೆ ನಿನ್ನ ಜಾಗದಲ್ಲಿ ಬೇರೆಯವನು ನಿಲ್ಲುತ್ತಾನೆ ಎಂದು ಕೆಲಸಕ್ಕೆ ಹಚ್ಚಿದ ಮುಕದ್ದಮ ಹೇಳಿದ್ದ. ಅದು ಬರೀ ಬೆದರಿಕೆಯಲ್ಲ. ಆ ವರ್ಷ ಪುಣೆಯಲ್ಲಿ ಬೀದರ ಜಿಲ್ಲೆಯ ಕೈಗಳಿಗೇನೂ ಬರವಿರಲಿಲ್ಲ. ಬರುವ ಶುಕ್ರವಾರ ಮಹಮೂದಾಳ ತಮ್ಮ ಅಬ್ದುಲ ವಾಹೀದನೂ ಅದೇ ಕೆಲಸಕ್ಕೆ ಹೊರಡುವವನಿದ್ದ. ಬೀದರದಲ್ಲಿ ರೈಲು ಹತ್ತುವ ಮೊದಲು ಬದರುನ್ನಿಸಾಳ ಬಾಗಿಲಿಗೆ ಬಂದು ಪೆನ್‌ಡ್ರೈವ್ ಇಸಿದುಕೊಳ್ಳುವುದಿತ್ತು. ಅವಳು ಎರಡು ಮಾತು ಕೊಟ್ಟಿದ್ದಳು. ಶುಕ್ರವಾರ ಕೊಡುತ್ತೇನೆ ಎಂಬುದು ಒಂದು. ಮುಚ್ಚಬೇಕಾದ ಮುಖ ಒಂದೂ ನನ್ನ ಮನೆ ಬಿಟ್ಟು ಹೊರಗೆ ಹೋಗುವುದಿಲ್ಲ ಎಂಬುದು ಇನ್ನೊಂದು.

ಮೊದಲು ಮುಖ ಮುಚ್ಚುವ ಪ್ರಶ್ನೆಯೇ ಇರಲಿಲ್ಲ. ಮದುವೆಯ ಕ್ಯಾಸೆಟ್ ಮನೆಯ ಪೆಟ್ಟಿಗೆಯಲ್ಲಿರುತ್ತಿತ್ತು. ಗಂಡಸರು ಹೊರಗೆ ಹೋದ ಮಧ್ಯಾಹ್ನಗಳಲ್ಲಿ ಹೆಂಗಸರು ಬಾಗಿಲು ಹಾಕಿಕೊಂಡು ನೋಡಿ, ನಕ್ಕು, ಮತ್ತೆ ಬಟ್ಟೆಗಳ ಕೆಳಗೆ ಇಡುತ್ತಿದ್ದರು. ಮಳೆ ಕೈಕೊಟ್ಟು ಜನ ಊರು ಬಿಡತೊಡಗಿದ ಮೇಲೆ ವಿಡಿಯೊಗೂ ಕಾಲು ಬಂತು. ಅದು ಪುಣೆಗೆ, ಹೈದರಾಬಾದಿಗೆ, ಸಮುದ್ರದಾಚೆಯ ಊರುಗಳಿಗೆ ಹೋಗತೊಡಗಿತು. ಅಲ್ಲಿ ಒಂದೊಂದು ಕೋಣೆಯಲ್ಲಿ ಎಂಟು ಹತ್ತು ಮಂದಿ ಗಂಡಸರು. ಒಬ್ಬನ ತಂಗಿಯ ಮದುವೆಯನ್ನು ಉಳಿದವರು ನೋಡಬಾರದೆಂದರೆ ಅವರು ಎದ್ದು ಎಲ್ಲಿ ಹೋಗಿ ಕೂಡಬೇಕು? ಹಾಗಾಗಿ ಎರಡು ಕಾಪಿ. ಮನೆಯ ಕಾಪಿಯಲ್ಲಿ ಎಲ್ಲರೂ ಇದ್ದ ಹಾಗೇ ಇರುತ್ತಾರೆ. ಹೊರಗಿನ ಕಾಪಿಯಲ್ಲಿ ‘ನನ್ನ ಮುಚ್ಚು’ ಎಂದವರ ಮುಖಕ್ಕೆ ಮಂಜು. ಯಾರು ಹಾಗೆ ಅಂದರು ಎಂಬುದನ್ನು ಬದರುನ್ನಿಸಾ ಬರೆದಿಡುವುದಿಲ್ಲ. ಮದುವೆಯ ಊಟವಾದ ಮೇಲೆ ಪಾನಿನ ತಟ್ಟೆ ಹಿಡಿದು ಒಬ್ಬೊಬ್ಬರ ಪಕ್ಕದಲ್ಲಿ ಕೂತು ಕೇಳುತ್ತಾಳೆ. ಪಾನು ತೆಗೆದುಕೊಂಡು ಹೇಳಿದ ಮಾತನ್ನು ನೆನಪಿಟ್ಟುಕೊಳ್ಳುತ್ತಾಳೆ.

ಕೆಲಸ ಕಲಿಸಿದವನು ಗಂಡ ಕರೀಮ ಸಾಬ. ಅವನದೊಂದು ಫೋಟೊ ಸ್ಟುಡಿಯೊ ಇತ್ತು. ಹೆಂಗಸರ ಕಡೆಯ ವಿಡಿಯೊ ಬಂದಾಗ ಅವಳನ್ನು ಕಂಪ್ಯೂಟರಿನ ಮುಂದೆ ಕೂರಿಸಿ, ತಾನು ಸ್ಟೂಲು ಹಾಕಿಕೊಂಡು ಗೋಡೆಗೆ ಮುಖ ಮಾಡಿ ಕೂಡುತ್ತಿದ್ದ.

“ಎಡಕ್ಕ, ಮ್ಯಾಲ ಏನದ?”

“ಕತ್ರಿ ಅದರಿ.”

“ಅದರ ಮ್ಯಾಲ ಒತ್ತು. ಈಗ ಏನಾಯ್ತು?”

“ಮದುಮಗಳ ತಲಿ ಹೋಯ್ತರಿ.”

“ತೌಬಾ! ವಾಪಸ್ ತಗೋ, ವಾಪಸ್ ತಗೋ.”

ಹೀಗೆ ಬೆನ್ನು ತಿರುಗಿಸಿಯೇ ಅವನು ಇಡೀ ವಿದ್ಯೆಯನ್ನು ಅವಳಿಗೆ ದಾಟಿಸಿದ. ಹೆಂಡತಿ ತೆರೆ ನೋಡಿ ನಕ್ಕರೆ ಯಾಕೆ ನಕ್ಕೆ ಎಂದು ಕೇಳುತ್ತಿರಲಿಲ್ಲ. ಎದುರಿನ ಗೋಡೆಯ ಸುಣ್ಣದಲ್ಲಿ ಒಂದು ಬಿರುಕಿತ್ತು; ಈ ಬಿರುಕಿನ ಮೇಲೆ ಪರೀಕ್ಷೆ ಇಟ್ಟರೆ ನಾನೇ ಪಾಸು ಎನ್ನುತ್ತಿದ್ದ. ಎರಡು ವರ್ಷ ಮಳೆಯಿಲ್ಲದೆ ಮದುವೆಗಳು ಸೊರಗಿದ ಮೇಲೆ ಸ್ಟುಡಿಯೊ ಮುಚ್ಚಿ ಹೈದರಾಬಾದಿನ ಒಂದು ಕಲರ್ ಲ್ಯಾಬಿಗೆ ಸೇರಿಕೊಂಡ. ಸ್ಟೂಲು ಗೋಡೆಯ ಪಕ್ಕದಲ್ಲೇ ಇದೆ. ಅದರ ಮೇಲೆ ಈಗ ನೀರಿನ ಕೊಡ.

ಸೋಮವಾರ ಮಧ್ಯಾಹ್ನ ಬದರುನ್ನಿಸಾ ಸ್ಕ್ರೂ ಬಿಚ್ಚಿ, ಭಾಲ್ಕಿಯ ಮದುವೆ ಇದ್ದ ಹಾರ್ಡ್ ಡಿಸ್ಕನ್ನು ಹೊರತೆಗೆದು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟಳು. ಉಳಿದ ಕಂಪ್ಯೂಟರನ್ನು ಆಟೊದಲ್ಲಿ ಮಡಿಲ ಮೇಲೆ ಹೊತ್ತು ಮೈಲೂರಿಗೆ ಹೋದಳು. ಅಲ್ಲಿ ಗೋರಖನಾಥನ ರಿಪೇರಿ ಅಂಗಡಿ. ಬಾಗಿಲ ಮೇಲೆ ಬುದ್ಧನ ಸಣ್ಣ ಚಿತ್ರ, ಒಳಗೆ ಹೊಟ್ಟೆ ಬಿಚ್ಚಿಕೊಂಡು ಬಿದ್ದ ಕಂಪ್ಯೂಟರುಗಳು. ಎಷ್ಟೋ ವರ್ಷಗಳಿಂದ ಅವಳ ಯಂತ್ರ ನೋಡುವವನು ಅವನು. ಅದರೊಳಗಿನ ಒಂದು ಮದುವೆಯನ್ನೂ ನೋಡಿದವನಲ್ಲ.

“ಬರ್ರಿ ಆಪಾ. ಜೀವ ಮನ್ಯಾಗಿಟ್ಟು ಬರೇ ದೇಹ ತಂದೀರೇನು, ಯಾವಾಗಿನಂಗ?”

“ಈ ಸಲ ದೇಹಕ್ಕೇ ಜಡ್ಡ ಆಗ್ಯಾದ ಗೋರಖ ಭಯ್ಯಾ. ನೋಡ್ರಿ.”

ಅವನು ನೋಡಿದ. ಬೂದು ಚೌಕ ಓದಿ ನಾಲಿಗೆಯಿಂದ ಲೊಚಗುಟ್ಟಿದ. “ಕಂಪನೀನೇ ಬಾಗ್ಲಾ ಹಾಕ್ಯಾದರಿ. ಔಷಧ ಇಲ್ಲ. ಒಂದ ಉಪಾಯ ಮಾಡಿ ನೋಡೂಣು, ಇದಕ್ಕ ಇನ್ನಾ ಹಿಂದಿನ ವರ್ಷ ನಡದಾದ ಅಂತ ನಂಬಸೂಣು.” ಕಂಪ್ಯೂಟರಿನ ತಾರೀಖನ್ನು ಮೂರು ವರ್ಷ ಹಿಂದಕ್ಕೆ ತಿರುಗಿಸಿದ. “ನೋಡ್ರಿ, 2013ಕ್ಕ ಬಂದ್ವಿ. ಮಳಿ ಆಗ್ಯಾದ, ಮಾಂಜ್ರಾ ಹೊಳಿ ತುಂಬಿ ಹೊಂಟಾದ.”

“ಹಂಗಾದ್ರ ಎರಡ ಕೊಡಾ ತುಂಬಿಕೊಂಡ ಬರ್ರಿ ಅಲ್ಲಿಂದ.”

ಪರ್ದಾ ತೆರೆಯಿತು. ಬದರುನ್ನಿಸಾ ಉಸಿರು ಬಿಟ್ಟಳು. ಆದರೆ ಗೋರಖನಾಥ ಕೈ ಒರೆಸಿಕೊಳ್ಳುತ್ತಾ, ಇದು ನಂಬುವ ಉಪಾಯವಲ್ಲ ಎಂದ. ಯಾವಾಗ ಇಂಟರ್ನೆಟ್ ತಾಗುತ್ತದೋ ಆಗ ಇದಕ್ಕೆ ನಿಜವಾದ ತಾರೀಖು ತಿಳಿದುಹೋಗುತ್ತದೆ. ಅದಕ್ಕೇ ಇನ್ನೊಂದು ಹೊಸ ಪ್ಲಗ್‌ಇನ್ ಹಾಕಿರುತ್ತೇನೆ, ಇದೇ ಕೆಲಸ ಇದಕ್ಕಿಂತ ಚೆಂದ ಮಾಡುತ್ತದೆ, ಗೆರೆ ಎಳೆಯುವುದೂ ಬೇಡ, ಮುಖ ತಾನೇ ಹುಡುಕಿಕೊಳ್ಳುತ್ತದೆ ಎಂದ. ಆಮೇಲೆ, ಕೇಳದಿದ್ದರೂ ಹೇಳಿದ: “ಒಂದ ಮಾತದ ಆಪಾ. ಇದು ನಿಮ್ಮ ಮನ್ಯಾಗ ಕೂತು ಮಾಡಂಗಿಲ್ಲ. ವಿಡಿಯೊ ಇಂಟರ್ನೆಟ್ ಮ್ಯಾಲ ಅವರ ಮಷೀನಿಗಿ ಹೋಗಿ, ಅಲ್ಲಿ ಮುಚ್ಚಿಸಿಕೊಂಡು ವಾಪಸ್ ಬರ್ತದ.”

“ಮಷೀನ ಯಾರ ಮನ್ಯಾಗ ಅದ?”

ಅವನಿಗೆ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. “ಅದು ನನಗ ಗೊತ್ತಿಲ್ರಿ. ಗೊತ್ತಿಲ್ಲದ್ದು ಗೊತ್ತದ ಅಂತ ನಿಮಗ ಹ್ಯಾಂಗ ಹೇಳ್ಲಿ? ಹಾಕಿರ್ತೇನಿ. ಬೇಕಾದ್ರ ತೆಗೀರಿ, ಬ್ಯಾಡಾದ್ರ ಬಿಡ್ರಿ.”

ಮಂಗಳವಾರ ಮಧ್ಯಾಹ್ನದವರೆಗೆ ಕಂಪ್ಯೂಟರ್ ಮಳೆಗಾಲದ ವರ್ಷದಲ್ಲೇ ಇತ್ತು. ನಿಕಾಹ್ ಆದ ಮೇಲಿನ ಭಾಗ, ಮದುಮಗಳನ್ನು ಕಳಿಸುವ ಭಾಗ ಮುಗಿದವು. ಆಮೇಲೆ ಒಂದು ಸಣ್ಣ ತಪ್ಪಾಯಿತು. ಕರೀಮ ಸಾಬನಿಗೆ ಆ ಬೂದು ಚೌಕದ ಫೋಟೊ ಕಳಿಸಿ ಕೇಳೋಣವೆಂದು ಅವಳು ಕಂಪ್ಯೂಟರಿಗೆ ಇಂಟರ್ನೆಟ್ಟಿನ ಡೋಂಗಲ್ ಚುಚ್ಚಿದಳು. ಫೋಟೊ ಇನ್ನೂ ಹೋಗಿರಲಿಲ್ಲ, ಮೂಲೆಯಲ್ಲಿದ್ದ ತಾರೀಖು ತಾನೇ ಸರಿಹೋಯಿತು. ಪರ್ದಾ ಮುಚ್ಚಿಕೊಂಡಿತು. ತಾರೀಖನ್ನು ಮತ್ತೆ ಹಿಂದಕ್ಕೆ ತಿರುಗಿಸಿದರೂ ಅದು ಈ ಸಲ ನಂಬಲಿಲ್ಲ.

ಉಳಿದದ್ದು ಮೆಹಂದಿಯ ಭಾಗ. ಇಡೀ ಮದುವೆಯಲ್ಲಿ ಅತ್ಯಂತ ಗದ್ದಲದ ಭಾಗ ಅದು. ಒಂದು ಪಡಸಾಲೆಯಲ್ಲಿ ಭಾಲ್ಕಿಯವರು, ಔರಾದದವರು, ಬೀದರದವರು. ಒಬ್ಬರ ಹೆಗಲ ಮೇಲೆ ಒಬ್ಬರು. ಬದರುನ್ನಿಸಾ ಕೈಯಿಂದಲೇ ಮುಚ್ಚಲು ಕೂತಳು. ವಿಡಿಯೊದಲ್ಲಿ ಒಂದು ಸೆಕೆಂಡ್ ಎಂದರೆ ಇಪ್ಪತ್ತೈದು ಚಿತ್ರ. ಮುಖ ಸ್ವಲ್ಪ ಸರಿದರೆ ಮಂಜನ್ನೂ ಸರಿಸಬೇಕು. ನಗುವವರು ಹಿಂದಕ್ಕೆ ವಾಲುತ್ತಾರೆ, ಹಾಡುವವರು ತೂಗುತ್ತಾರೆ, ಕೂಸು ಎತ್ತಿಕೊಂಡವರು ಎದ್ದು ನಿಂತು ಇಡೀ ಸಾಲನ್ನೇ ಕಲಕುತ್ತಾರೆ. ಇವರೆಲ್ಲರ ನಡುವೆ ಮಹಮೂದಾಳ ತಾಯಿ ಅಕ್ತರಬೀ. ಸಂತಪುರದ ಮುದುಕಿ. ಒಂದು ಕಡೆ ಕೂತವಳೇ ಅಲ್ಲ. ಪಾನಿನ ತಟ್ಟೆ ಹಿಡಿದು ಬಂದಾಗ ಅವಳು ‘ಯೋಚಿಸಿ ಹೇಳ್ತೇನಿ’ ಎಂದವಳು ಆಮೇಲೆ ಹೇಳಲೇ ಇಲ್ಲ. ಹೇಳದವರನ್ನು ಮುಚ್ಚುವುದು ಬದರುನ್ನಿಸಾಳ ಪದ್ಧತಿ. ಒಂದು ಇಡೀ ಬೆಳಗ್ಗೆ ಅಕ್ತರಬೀಯ ಹಿಂದೆ ಹೋಯಿತು.

ಕರೆಂಟು ಹೋದಾಗ ಬದರುನ್ನಿಸಾ ಕುತ್ತಿಗೆಗೆ ಒದ್ದೆ ಬಟ್ಟೆ ಹಾಕಿಕೊಂಡು ನೆಲಕ್ಕೆ ಒರಗುತ್ತಿದ್ದಳು. ಕಣ್ಣು ಮುಚ್ಚಿದರೂ ಮುಖಗಳು ಸರಿಯುತ್ತಿದ್ದವು.

ಬುಧವಾರ ಸಂಜೆ ಹೈದರಾಬಾದಿನಿಂದ ಕರೀಮ ಸಾಬ ಫೋನು ಮಾಡಿದ. ಹಿಂದೆ ಲ್ಯಾಬಿನ ಯಂತ್ರದ ಸದ್ದು. ಬದರುನ್ನಿಸಾ ನಡೆದದ್ದನ್ನೆಲ್ಲ ಹೇಳಿದಳು.

“ಹೊಸದು ಹಾಕ್ಯಾನಲ್ಲ ಗೋರಖನಾಥ, ಅದರಲೆ ಮಾಡಿ ಬಿಡು ಬದರು. ಮಷೀನ ನೋಡ್ತದ, ಮನುಷ್ಯಾರ ನೋಡಂಗಿಲ್ಲ.”

“ಹಂಗಾದ್ರ ನೀವು ಇಷ್ಟ ವರ್ಷ ಗೋಡಿ ಯಾಕ ನೋಡಿದ್ರಿ?”

ಅವನ ಧ್ವನಿಯಲ್ಲಿ ಸಿಟ್ಟಿರಲಿಲ್ಲ. “ಅವಾಗ ಕೈತುಂಬ ಕೆಲಸ ಇತ್ತು. ಈಗ ಇರೋದೊಂದು ಉಳಸ್ಕೋಬೇಕು. ನೋಡು. ನಿನ್ನ ಧ್ವನಿ ಭಾಳ ದಣಿದಂಗ ಕೇಳಸ್ತದ.”

ಅವನು ಹೇಳಿದ್ದರಲ್ಲಿ ದಣಿವಿನ ಮಾತೇ ಅವಳಿಗೆ ತಾಗಿತು.

ಗುರುವಾರ ಬೆಳಗ್ಗೆ ಅವಳು ಮೆಹಂದಿಯ ಒಂದು ತುಂಡನ್ನು ಕತ್ತರಿಸಿಕೊಂಡಳು. ಹಾಡು ಏರುವ ಜಾಗ, ಎಲ್ಲರೂ ಒಟ್ಟಿಗೆ ಕಾಣುವ ಜಾಗ, ಕೈಯಿಂದ ಮುಚ್ಚಲು ಸಾಧ್ಯವೇ ಇಲ್ಲದ ಜಾಗ. ಇದೊಂದೇ, ಎಂದುಕೊಂಡಳು. ಡೋಂಗಲ್ ಚುಚ್ಚಿ ಹೊಸ ಪ್ಲಗ್‌ಇನ್ ಒತ್ತಿದಳು. ತೆರೆಯ ಮೇಲೆ ಒಂದು ನೀಲಿ ಪಟ್ಟಿ ಹುಟ್ಟಿ, ಎಡದಿಂದ ಬಲಕ್ಕೆ ಇರುವೆಯಂತೆ ತೆವಳತೊಡಗಿತು. ಅಷ್ಟರಲ್ಲಿ ಗಲ್ಲಿಯ ತುದಿಯಲ್ಲಿ ಟ್ಯಾಂಕರಿನ ಹಾರ್ನು ಕೇಳಿತು. ಕಾರಂಜಾ ಜಲಾಶಯ ತಳ ಕಂಡ ಮೇಲೆ ನಲ್ಲಿಗಿಂತ ಹಾರ್ನಿಗೇ ಬೆಲೆ. ಸ್ಟೂಲಿನ ಮೇಲಿನ ಕೊಡ, ಅಡುಗೆಮನೆಯ ಎರಡು ಬಿಂದಿಗೆ ಎತ್ತಿಕೊಂಡು ಹೊರಬಿದ್ದಳು.

ಸಾಲಿನಲ್ಲಿ ಎಂದಿನ ಜಗಳ ನಡೆದಿತ್ತು. ಟ್ಯಾಂಕರಿನ ಪಕ್ಕದಲ್ಲಿ ಒಬ್ಬ ಅಪರಿಚಿತ, ಪ್ಯಾಂಟು ಷರಟಿನವನು, ಮೊಬೈಲ್ ಎತ್ತಿ ಸಾಲನ್ನು ಚಿತ್ರ ಹಿಡಿಯುತ್ತಿದ್ದ. ಬರದ ಸುದ್ದಿಗಿರಬೇಕು. ಮುಂದಿನವಳು ಓಢಣಿ ಎಳೆದುಕೊಂಡಳು, ಅವಳ ಹಿಂದಿನವಳು ಎಳೆದುಕೊಂಡಳು, ಹಾಗೆ ಸಾಲಿನುದ್ದಕ್ಕೂ ಮುಖಗಳು ಒಂದೊಂದಾಗಿ ಮರೆಯಾದವು. ಎದುರು ಮನೆಯ ಕೌಸಲ್ಯಾಬಾಯಿ ಮಾತ್ರ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಹೋದಳು.

“ಏ ತಮ್ಮಾ, ಏನ ಹಿಡ್ಯಾಕತ್ತಿ? ಕೊಡಾ ಹಿಡಿ, ಪುಣ್ಯಾ ಬರ್ತದ. ನಮ್ಮ ಮಾರಿ ಎಲ್ಲಿಗಿ ಒಯ್ತಿ?”

“ಎಲ್ಲೂ ಇಲ್ಲ ಬಾಯಿ, ಸುಮ್ನ ಮೊಬೈಲಿನ್ಯಾಗ...”

“ಮೊಬೈಲಿನ್ಯಾಗ ಹೋಗಿದ್ದು ಎಲ್ಲೂ ಇಲ್ಲಂದ್ರ ಎಲ್ಲಾ ಕಡಿ ಅಂತ ಅರ್ಥ. ಅಳಸು!”

ಎಲ್ಲರೂ ನಕ್ಕರು. ಬದರುನ್ನಿಸಾ ಕೊಡ ಅಲ್ಲೇ ಬಿಟ್ಟು ಮನೆಗೆ ಓಡಿದಳು.

ನೀಲಿ ಪಟ್ಟಿ ತುಂಬಿತ್ತು. ತುಂಡು ಹೋಗಿ, ಮುಚ್ಚಿಸಿಕೊಂಡು, ತಿರುಗಿಯೂ ಬಂದಿತ್ತು. ಅವಳು ನೋಡಿದಳು. ತಪ್ಪು ಹಿಡಿಯಲು ಏನೂ ಇರಲಿಲ್ಲ. ಮಂಜು ಮುಖದ ಅಂಚಿಗೆ ಸರಿಯಾಗಿ ನಿಂತಿತ್ತು, ಒಂದೂ ಜಾರಿರಲಿಲ್ಲ. ಮದುಮಗಳನ್ನೂ ಕೂಸನ್ನೂ ಬಿಡದೆ ಮುಚ್ಚಿತ್ತು. ಅಷ್ಟು ಚೆನ್ನಾಗಿ ಮುಚ್ಚಬೇಕಾದರೆ ಅದು ಒಬ್ಬೊಬ್ಬರನ್ನೂ ಎಷ್ಟು ಚೆನ್ನಾಗಿ ನೋಡಿರಬೇಕು ಎಂದು ಅವಳಿಗೆ ಅನಿಸಿತು. ‘ಅಲ್ಲಿರುವ ಪ್ರತಿಯನ್ನು ಅಳಿಸು’ ಎಂಬ ಗುಂಡಿ ಇತ್ತು, ಒತ್ತಿದಳು. ಅಳಿಸಲಾಗಿದೆ ಎಂದು ಬಂತು. ಅಲ್ಲಿ ಎಂದರೆ ಎಲ್ಲಿ ಎಂದು ಗೊತ್ತಿಲ್ಲದವಳಿಗೆ ಅಳಿಸಿದ್ದು ನಿಜವೆಂದು ತಿಳಿಯುವುದು ಹೇಗೆ? ಡೋಂಗಲ್ ಕಿತ್ತು ಮೇಜಿನ ಮೇಲಿಟ್ಟಳು.

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಭಾಲ್ಕಿಯವರಿಗಂತೂ ಸಾಧ್ಯವೇ ಇಲ್ಲ. ಇದನ್ನು ಅವಳು ಸ್ಪಷ್ಟವಾಗಿಯೇ ಯೋಚಿಸಿದಳು. ಆಮೇಲೆ ಡಿಸ್ಕು ಬಿಚ್ಚಿ ಬಟ್ಟೆಯಲ್ಲಿ ಸುತ್ತಿ, ಕಾರ್ಡು ಸಮೇತ ಕ್ಯಾಮೆರಾದ ಚೀಲದಲ್ಲಿ ಹಾಕಿಕೊಂಡು, ಬುರ್ಖಾ ತೊಟ್ಟು ಭಾಲ್ಕಿಯ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಹೊಲಗಳು ಕರ್ರಗೆ ಬಿರಿದು ಬಿದ್ದಿದ್ದವು. ಬಸ್ಸಿನಲ್ಲಿ ಹಾಸಿಗೆ ಕಟ್ಟಿಕೊಂಡ ಒಂದು ಕುಟುಂಬ, ರೈಲಿಗೆ ಹೊರಟವರು. ತಾಯಿ ಕೂಸಿಗೆ ಕಿಟಕಿಯಿಂದ ಏನನ್ನೂ ತೋರಿಸುತ್ತಿರಲಿಲ್ಲ.

ಮಹಮೂದಾ ಬೇಗಂ ಮನೆಯಲ್ಲಿ ಮದುವೆಗೆ ಬಂದವರಲ್ಲಿ ಕೆಲವರು ಇನ್ನೂ ಉಳಿದಿದ್ದರು. ಅಕ್ತರಬೀ ಇದ್ದಳು. ಔರಾದದಿಂದ ಬಂದ ನಾದಿನಿ ಮುನವ್ವರ ಬೇಗಂ ಇದ್ದಳು. ಅವಳ ಮಗಳ ಮದುವೆ ಮುಂದಿನ ತಿಂಗಳಿಗೆ ನಿಶ್ಚಯವಾಗಿ, ವಿಡಿಯೊಗೆ ಬದರುನ್ನಿಸಾಳನ್ನೇ ಕರೆಯುವುದೆಂದು ಮಾತಾಗಿತ್ತು. ಆ ಮನೆಯಲ್ಲಿ ದಖನಿ ಉರ್ದು, ಕನ್ನಡ ಎರಡೂ ಒಂದೇ ಉಸಿರಿನಲ್ಲಿ ಬರುತ್ತವೆ. ಬಾಗಿಲು ಹಾಕಿ ಚಹಾ ಕೊಟ್ಟರು. ಬದರುನ್ನಿಸಾ ಲೋಟ ಮುಟ್ಟದೆ, ಡಿಸ್ಕನ್ನೂ ಕ್ಯಾಮೆರಾವನ್ನೂ ಮಹಮೂದಾಳ ಮುಂದೆ ಚಾಪೆಯ ಮೇಲಿಟ್ಟು ನಡೆದದ್ದನ್ನು ಹೇಳಿದಳು. ಪರ್ದಾ ನಿಂತದ್ದು, ಹೊಸದನ್ನು ಒತ್ತಿದ್ದು, ಮೆಹಂದಿಯ ತುಂಡು ಹೋಗಿ ಬಂದದ್ದು.

“ನಿಮ್ಮದೆಲ್ಲ ಇದರಾಗ ಅದರಿ. ಇಟ್ಕೊಳ್ರಿ. ಆದ್ರ ಆ ತುಂಡ ಒಂದು ಎಲ್ಲಿ ಹೋಗಿ ಬಂದಾದ, ನನಗ ಗೊತ್ತಿಲ್ಲ.”

ಮೊದಲು ಮಾತಾಡಿದವಳು ಮುನವ್ವರ ಬೇಗಂ. “ಅಮಾನತ್ ಅಂತ, ನಿನ್ನ ನಂಬಿ ಕೊಟ್ಟಿದ್ವಿ. ನನ್ನ ಪಕ್ಕದ್ಯಾಗ ಕೂತು, ಪಾನ್ ಕೊಟ್ಟು ಕೇಳಿದ್ದಿ. ಮುಚ್ಚು ಅಂದಿದ್ದೆ. ಮುಚ್ಚೋದು ಆಮ್ಯಾಲ ಆಯ್ತು, ತೋರಸೋದು ಮೊದಲ ಆಯ್ತು.”

“ಹೌದರಿ.”

“ಹೌದು ಅಂದ್ರ ಆಯ್ತೇನು?”

“ಇಲ್ರಿ. ಆಗಂಗಿಲ್ಲ.”

ಅಕ್ತರಬೀ ಅಡಕೆ ಕತ್ತರಿಸುವುದನ್ನು ನಿಲ್ಲಿಸಿದಳು. “ನಾ ಅದರಾಗ ಇದ್ದೇನೇನು?”

“ಎಲ್ಲಾರಕಿಂತ ಜಾಸ್ತಿ ನೀವೇ ಅದೀರಿ ಬೀ. ಕೂತಲ್ಲಿ ಕೂಡಂಗಿಲ್ಲ. ನಿಮ್ಮನ್ನ ಮುಚ್ಚಾಕ ಒಂದ ಇಡೀ ಮುಂಜಾನಿ ಹೋಯ್ತು.”

“ನನ್ನ ಯಾಕ ಮುಚ್ಚಿದಿ?”

“ನೀವು ಹೇಳ್ಲಿಲ್ಲ.”

“ಯೋಚನಿ ಮಾಡ್ಲಿಕತ್ತಿದ್ದೆ! ನಮ್ಮ ಸಂತಪುರದ ಬಸ್ ಸ್ಟ್ಯಾಂಡಿನ್ಯಾಗ ಈ ಮಾರಿ ನೋಡದವರು ಯಾರದಾರ? ಮೊಮ್ಮಗ ಪುಣೇದಾಗ ಕೂತು ಮುದುಕಿ ಎಲ್ಲಿ ಅಂತ ಹುಡಕಬೇಕೇನು? ನಂದು ತೆಗಿ. ಬೊಚ್ಚ ಬಾಯಿ ಕಾಣ್ಲಿ.” ಆಮೇಲೆ ಆ ಮನೆಯ ಸೊಸೆಯಂದಿರ ಕಡೆ ನೋಡಿ, “ಇವರದು ಇವರಿಗಿ ಕೇಳು. ಇವರ ಮಾರಿ ಇನ್ನಾ ಹೊಸಾವು” ಎಂದಳು.

ಒಬ್ಬಿಬ್ಬರು ಬಾಯಿಗೆ ಓಢಣಿ ಒತ್ತಿಕೊಂಡು ನಕ್ಕರು. ಮುನವ್ವರ ನಗಲಿಲ್ಲ. ಮಹಮೂದಾ ಡಿಸ್ಕನ್ನು ಕೈಯಲ್ಲಿ ತಿರುಗಿಸಿ ನೋಡುತ್ತಿದ್ದಳು, ಇಷ್ಟು ಸಣ್ಣದರಲ್ಲಿ ಮದುವೆ ಹೇಗೆ ಹಿಡಿಯಿತು ಎಂಬಂತೆ.

“ನೀ ಹೇಳಿದಿ, ನಾ ಕೇಳಿದೆ” ಎಂದಳು ಕೊನೆಗೆ. “ಹೋದದ್ದು ಹೋಯ್ತು. ಈಗ ಇಸ್ಮಾಯಿಲಗ ಏನ ಕಳಸ್ಲಿ? ದಿನಾ ಫೋನಿನ್ಯಾಗ ಅದೊಂದೇ ಕೇಳ್ತಾನ. ಮೆಹಂದಿ ಇಲ್ದ ಮದುವಿ ಕಳಸಿದ್ರ, ಅಮ್ಮೀ ಏನ ಮುಚ್ಚಿಡ್ಲಿಕತ್ಯಾಳ ಅಂತಾನ.”

ಮುಖ ತಪ್ಪಿಸಲು ಬದರುನ್ನಿಸಾ ಎದುರಿನ ಗೋಡೆ ನೋಡಿದಳು. ಅಲ್ಲಿ ಹಗ್ಗದ ಮೇಲೆ ಮದುವೆಯ ಕೆಂಪು ಓಢಣಿ ಒಣಗಲು ಬಿದ್ದಿತ್ತು. ಮೆಹಂದಿಯ ದಿನ ನಾಲ್ಕು ಹೆಂಗಸರು ನಾಲ್ಕು ಮೂಲೆ ಹಿಡಿದು ಮದುಮಗಳ ನೆತ್ತಿಯ ಮೇಲೆ ಚಪ್ಪರದಂತೆ ಎತ್ತುವ ಓಢಣಿ ಅದು. ಒಗೆಯಲು ನೀರು ಸಾಲದೆ ಬರೀ ನೆನೆಸಿ ಹಿಂಡಿದ್ದರು. ಅಂಚಿನಲ್ಲಿ ಮೆಹಂದಿಯ ಕಲೆ ಹಾಗೇ ಇತ್ತು. ಫ್ಯಾನಿನ ಗಾಳಿಗೆ ಅದು ಉಬ್ಬಿ, ಇಳಿದು, ಮತ್ತೆ ಉಬ್ಬುತ್ತಿತ್ತು. ಅದರ ಹಿಂದಿನ ಗೋಡೆ ಕಾಣುತ್ತಿರಲಿಲ್ಲ.

“ಆಪಾ” ಎಂದಳು ಮಹಮೂದಾಳಿಗೆ. “ಅದನ್ನ ಇಬ್ಬರು ಹಿಡ್ಕೊಂಡ ನಿಲ್ರಿ. ನೀವು ಯಾರೂ ಕಾಣಬ್ಯಾಡ್ರಿ. ಬರೇ ಬಟ್ಟಿ.”

ಕ್ಯಾಮೆರಾ ಎತ್ತಿಕೊಂಡಳು. ಮಹಮೂದಾ ಒಂದು ತುದಿ, ಮನೆಯ ಸೊಸೆ ಒಂದು ತುದಿ ಹಿಡಿದು ಬಟ್ಟೆಯ ಹಿಂದೆ ನಿಂತರು. ತೆರೆ ತುಂಬ ಕೆಂಪು. ಗಾಳಿಗೆ ಅಲೆಯಾಡುವ, ಜರಿಯಂಚು ಒಮ್ಮೆ ಮಿಂಚಿ ಮರೆಯಾಗುವ, ಮತ್ತೇನೂ ಇಲ್ಲದ ಕೆಂಪು. ಕೈ ಸೋತಿತು ಎಂದು ಸೊಸೆ ಗೊಣಗುವವರೆಗೆ ಹಿಡಿದುಕೊಂಡಳು. ಮಾಡಬೇಕಾದದ್ದು ಈಗ ಸರಳವಾಗಿತ್ತು. ಮುಖಗಳ ಬೆನ್ನು ಹತ್ತುವುದು ಬೇಡ. ಗದ್ದಲದ ಕಡೆಯಲ್ಲೆಲ್ಲ ಚಿತ್ರದ ಮೇಲೆ ಈ ಬಟ್ಟೆಯನ್ನೇ ಹೊದಿಸಿದರೆ ಹಾಡು, ನಗು, ಬಳೆಯ ಸದ್ದು ಕೆಳಗೆ ನಡೆಯುತ್ತಿರುತ್ತವೆ. ಬಟ್ಟೆ ಸರಿದಾಗ ಮೆಹಂದಿ ಹಚ್ಚಿದ ಕೈ ಕಾಣಬಹುದು, ಅಕ್ತರಬೀ ಕಾಣಬಹುದು. ಕೋಣೆಯಲ್ಲಿದ್ದವರನ್ನು ಅವಳು ಒಬ್ಬೊಬ್ಬರನ್ನಾಗಿ ಮತ್ತೆ ಕೇಳಿದಳು: ಧ್ವನಿ ಇರಬಹುದೇ? ಮೂವರು ಇರಲಿ ಎಂದರು. ಮುನವ್ವರ ಬೇಗಂ ಬೇಡ ಎಂದಳು. ಅಲ್ಲಿಲ್ಲದವರ ಧ್ವನಿ ತಾನೇ ಬೇಡವಾಯಿತು; ಅಂಥ ಕಡೆ ಸದ್ದನ್ನೇ ತೆಗೆದುಬಿಡಬೇಕು. ಪಾನಿನ ತಟ್ಟೆ ಇರಲಿಲ್ಲ, ಕೇಳುವ ಧೈರ್ಯವೂ ಅಷ್ಟಿರಲಿಲ್ಲ.

ಹೊರಡುವಾಗ ಮಹಮೂದಾ ಡಿಸ್ಕನ್ನು ಬಟ್ಟೆಯಲ್ಲಿ ಸುತ್ತಿ ಅವಳ ಕೈಗೇ ಕೊಟ್ಟಳು. ಮುನವ್ವರ ಬಾಗಿಲವರೆಗೆ ಬಂದಳು. “ಮುಂದಿನ ತಿಂಗಳದ್ದು ನೋಡೂಣು” ಎಂದಳು. ಆ ಧ್ವನಿಯಲ್ಲಿ ನೋಡುವಂಥದ್ದು ಏನೂ ಉಳಿದಿರಲಿಲ್ಲ.

ಶುಕ್ರವಾರ ಜುಮ್ಮಾ ನಮಾಜು ಮುಗಿಸಿ ಅಬ್ದುಲ ವಾಹೀದ ಬಂದಾಗ ಪೆನ್‌ಡ್ರೈವ್ ಸಿದ್ಧವಿತ್ತು. ಅವನು ಹೊಸಿಲಿನಾಚೆ ನಿಂತು, ಬೇರೆ ಕಡೆ ನೋಡುತ್ತಾ ಕೈ ಚಾಚಿ ಇಸಿದುಕೊಂಡ. ಹೆಗಲಲ್ಲಿ ಹಾಸಿಗೆ, ಕೈಯಲ್ಲಿ ಟೈಲ್ಸ್ ಕತ್ತರಿಸುವ ಯಂತ್ರದ ಡಬ್ಬಿ. “ಮಳಿ ಬಂದ್ರ ವಾಪಸ್ ಬರ್ತೇನಿ ಆಪಾ” ಎಂದ, ಯಾರೂ ಕೇಳದಿದ್ದರೂ.

ಮುಂದಿನ ವಾರ ಮಹಮೂದಾ ಫೋನು ಮಾಡಿದಳು.

“ಅರ್ಧಾ ಮೆಹಂದಿ ಬರೇ ಕೆಂಪ ಬಟ್ಟಿ ಅದ ಅಂತ. ರೂಮಿನವರು ಮೊಬೈಲ್ ಕೆಟ್ಟದ ಅಂತ ಎರಡ ಸಲ ಬಡದರಂತ.”

“ಇಸ್ಮಾಯಿಲ ಏನಂದ?”

“ಏನಂತಾನ? ‘ಅಮ್ಮೀ, ದುಡ್ಡ ಕೊಟ್ಟು ಓಢಣಿ ಪಿಚ್ಚರ ತೆಗಸೀರೇನು’ ಅಂದ.” ಆಮೇಲೆ ಹೇಳಿದಳು, “ಬಟ್ಟಿ ಹಿಂದ ನಾ ನಗೂದ ಕೇಳಿ, ಅಷ್ಟ ಜಾಗಾ ಹಿಂದಕ ಹಾಕಿ ಹಾಕಿ ಕೇಳ್ಯಾನಂತ. ವಾಹೀದ ಹೇಳ್ದ.”

ಮೇ ತಿಂಗಳಲ್ಲಿ ಔರಾದದಲ್ಲಿ ಮುನವ್ವರ ಬೇಗಂ ಮಗಳ ಮದುವೆಯಾಯಿತು. ಬದರುನ್ನಿಸಾಳಿಗೆ ಊಟದ ಕರೆ ಬಂತು, ಕ್ಯಾಮೆರಾಕ್ಕೆ ಬರಲಿಲ್ಲ. ಅವಳ ಬದಲು ಯಾರನ್ನು ಕರೆದರೋ ಎಂದು ಹೋಗಿ ನೋಡಿದರೆ, ಯಾರನ್ನೂ ಕರೆದಿರಲಿಲ್ಲ. ಹೆಂಗಸರ ಕಡೆ ಆ ದಿನ ಒಂದು ಮೊಬೈಲೂ ಹೊರಬರಲಿಲ್ಲ. ಅವಳು ಖಾಲಿ ಕೈಯಲ್ಲಿ ಕೂತು ಉಂಡಳು. ಊಟವಾದ ಮೇಲೆ ಯಾರೋ ಪಾನಿನ ತಟ್ಟೆ ಅವಳ ಮುಂದೆಯೂ ಹಿಡಿದರು, ಒಂದು ತೆಗೆದುಕೊಂಡಳು.

ಗೋರಖನಾಥ ಹೊಸ ಪ್ಲಗ್‌ಇನ್ ತೆಗೆದುಹಾಕಿದ್ದಾನೆ. ಮನೆಯೊಳಗೇ ಕೂತು ಮುಚ್ಚುವ ಇನ್ನೊಂದು ಸಿಕ್ಕರೆ ಹೇಳುತ್ತೇನೆ ಎಂದಿದ್ದಾನೆ, ಇನ್ನೂ ಸಿಕ್ಕಿಲ್ಲ. ಸಣ್ಣ ಕೆಲಸ ಬಂದರೆ ಬದರುನ್ನಿಸಾ ಕೈಯಿಂದ ಮುಚ್ಚುತ್ತಾಳೆ, ಆಗದಿದ್ದ ಕಡೆ ಆ ಮನೆಯದೇ ಒಂದು ಬಟ್ಟೆ ಕೇಳಿ ತರುತ್ತಾಳೆ. ಟ್ಯಾಂಕರಿನ ಹಾರ್ನು ಈಗಲೂ ಹೊತ್ತಿಲ್ಲದ ಹೊತ್ತಿನಲ್ಲಿ ಬರುತ್ತದೆ. ಅದು ಕೇಳಿದರೆ ಮೊದಲು ಡೋಂಗಲ್ ಕಿತ್ತು ಓಢಣಿಯ ತುದಿಗೆ ಗಂಟು ಹಾಕಿಕೊಳ್ಳುತ್ತಾಳೆ, ಆಮೇಲೆ ಕೊಡ ಎತ್ತಿಕೊಳ್ಳುತ್ತಾಳೆ. ಅಷ್ಟು ಹೊತ್ತಿಗೆ ಸಾಲಿನಲ್ಲಿ ಒಂದಿಬ್ಬರು ಅವಳಿಗಿಂತ ಮುಂದೆ ಹೋಗಿರುತ್ತಾರೆ.